ಸ್ಕ್ಯಾನರು ಮತ್ತು ಸಾಹೇಬರು

ಮಾರ್ಚ್ 3, ಸೋಮವಾರ

ಬಲಗೈಯಲ್ಲೇ ಬರೆಯಬೇಕಂತೆ. ಬರೆದಿದ್ದೇನೆ. ಸಾಕು.

ಮಾರ್ಚ್ 5, ಬುಧವಾರ

ಒಂದು ಸಾಲು ಸಾಲದಂತೆ. ಫಿಸಿಯೋ ಅಮ್ಮ ಪೆನ್ನಿಗೆ ಸ್ಪಂಜು ಸುತ್ತಿ ಕೊಟ್ಟಿದ್ದಾಳೆ. "ಮನಸ್ಸಿಗೆ ಬಂದದ್ದು ಬರೀರಿ, ಯಾರೂ ಓದಲ್ಲ" ಅಂದಳು. ಓದಲು ಬರುವ ಹಾಗಿದ್ದರೆ ತಾನೇ.

ನನ್ನ ಬಲಗೈಗೆ ಸಾಹೇಬರು ಎಂದು ಹೆಸರಿಟ್ಟಿದ್ದೇನೆ. ದಿನವಿಡೀ ದಿಂಬಿನ ಮೇಲೆ ಮಲಗಿರುತ್ತಾರೆ. ಹೇಳಿದ ಕೆಲಸ ಕೇಳುವುದಿಲ್ಲ. ಮನೆಮಂದಿಯೆಲ್ಲ ಅವರ ಸೇವೆ ಮಾಡಬೇಕು. ಈಗ ಸಾಹೇಬರಿಗೆ ಸುಸ್ತು.

ಮಾರ್ಚ್ 14, ಶುಕ್ರವಾರ

ಮಗಳು ಕಳಿಸಿದ ಹೊಸ ಕಂಪ್ಯೂಟರ್ ಬಂತು. ತಟ್ಟೆಯಷ್ಟು ತೆಳ್ಳಗಿದೆ. ಹಳೆಯದು ನಾನು ಆಸ್ಪತ್ರೆಯಲ್ಲಿದ್ದಾಗ ಕೆಟ್ಟುಹೋಗಿತ್ತು. ಆ ವಾರ ಈ ಮನೆಯಲ್ಲಿ ಎರಡು ತಲೆ ಕೆಟ್ಟವು, ಒಂದನ್ನು ಮಾತ್ರ ರಿಪೇರಿಗೆ ಒಯ್ದರು ಎಂದು ಹೆಂಡತಿಗೆ ಹೇಳಿದೆ. ನಗಲಿಲ್ಲ.

ಇವಳ ಹಳೇ ಸ್ಕ್ಯಾನರಿನ ವೈರು ಹೊಸ ಕಂಪ್ಯೂಟರಿಗೆ ಸೇರುವುದಿಲ್ಲ. ತೂತೇ ಬೇರೆ. ಮಿಕ್ಕಿದ್ದು ಇನ್ನೊಂದು ದಿನ. ಸಾಹೇಬರು ಎದ್ದು ಹೊರಟರು.

ಮಾರ್ಚ್ 23, ಭಾನುವಾರ

ಸ್ಕ್ಯಾನರು ಯಾಕೆ ಬೇಕು ಎಂಬುದನ್ನು ಬರೆದಿಡುತ್ತೇನೆ. ಸಾಹೇಬರಿಗೆ ಕಸರತ್ತೂ ಆಯಿತು.

ನನ್ನ ಹೆಂಡತಿ ರಫು ಮಾಡುವವಳು. ಕೋಟು ಹರಿದಿರಲಿ, ಶಾಲಿಗೆ ಬೆಂಕಿಯ ಕಿಡಿ ಬಿದ್ದಿರಲಿ, ಎಳೆಗೆ ಎಳೆ ಸೇರಿಸಿ, ಹರಿದದ್ದೇ ಸುಳ್ಳು ಅನ್ನಿಸುವ ಹಾಗೆ ನೇಯ್ದುಬಿಡುತ್ತಾಳೆ. ಹೊಲಿಗೆ ತರಬೇತಿ ಶಾಲೆಯ ಪ್ರಿನ್ಸಿಪಾಲರು ಅದನ್ನು ಪುಸ್ತಕ ಮಾಡಿಸುತ್ತಿದ್ದಾರೆ. ಒಂದೊಂದು ಬಗೆಯ ಹರುಕಿಗೂ ಇವಳು ಒಂದು ಮಾದರಿ ತುಂಡು ಮಾಡಿಟ್ಟಿದ್ದಾಳೆ. ಅದರ ಮುಖದ್ದೊಂದು, ಬೆನ್ನಿನದೊಂದು ಚಿತ್ರ ತೆಗೆಯಬೇಕು. ವಿದ್ಯೆಯೆಲ್ಲ ಇರುವುದು ಬೆನ್ನಿನಲ್ಲಿ. ಅರ್ಧ ಚಿತ್ರಗಳು ಮುಗಿದಿದ್ದವು. ಅಷ್ಟರಲ್ಲಿ ನಾನು ಲಕ್ವ ಹೊಡೆದು ಬಚ್ಚಲುಮನೆಯಲ್ಲಿ ಕುಸಿದೆ.

ಮೇ ತಿಂಗಳ ನಡುವಿನೊಳಗೆ ಮಿಕ್ಕ ಚಿತ್ರಗಳು ಹೋಗದಿದ್ದರೆ ಪುಸ್ತಕ ಅಚ್ಚಾಗುವುದಿಲ್ಲ. ಆಮೇಲೆ ಪ್ರಿನ್ಸಿಪಾಲರು ನಿವೃತ್ತರಾಗುತ್ತಾರೆ. ಮುಂದೆ ಬರುವವರಿಗೆ ರಫು ಎಂದರೇನೆಂದು ಗೊತ್ತಿದ್ದರೆ ನಮ್ಮ ಪುಣ್ಯ. ಇವಳ ಹತ್ತಿರ ಕೂತು ಕಲಿತವರು ಯಾರೂ ಇಲ್ಲ. ಮಗಳಿಗಂತೂ ಸೂಜಿ ಎಂದರೆ ಇಂಜೆಕ್ಷನ್ನೇ.

ನನ್ನ ದೆಸೆಯಿಂದ ಇವಳ ಇಷ್ಟು ತಿಂಗಳು ಹಾಳಾದವು. ಒಂದು ದಿನವೂ ಹಾಗೆ ಅಂದಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಏಪ್ರಿಲ್ 2, ಬುಧವಾರ

ಕಂಪ್ಯೂಟರ್ ಅಂಗಡಿಯವನು ಬೆರಳುದ್ದದ ಒಂದು ಕೊಂಡಿ ಕೊಟ್ಟ. ಒಂದು ಬದಿಗೆ ಹಳೇ ವೈರು, ಇನ್ನೊಂದು ಬದಿಗೆ ಹೊಸ ತೂತು. ಸಂಬಂಧ ಕುದುರಿತು ಎಂದುಕೊಂಡೆವು. ಕಂಪ್ಯೂಟರು ಮಾತ್ರ ಸ್ಕ್ಯಾನರನ್ನು ಬಾಗಿಲಲ್ಲೇ ನಿಲ್ಲಿಸಿ, ನೀನು ಯಾರೋ ನನಗೆ ಗೊತ್ತಿಲ್ಲ ಅಂದಿತು.

ಡ್ರೈವರ್ ಬೇಕಂತೆ. ಎರಡು ಯಂತ್ರಗಳ ನಡುವೆ ಮಾತು ದಾಟಿಸುವ ಒಂದು ಪ್ರೋಗ್ರಾಮಿಗೆ ಹಾಗೆನ್ನುತ್ತಾರೆ. ನಾನು ಕೆಲಸ ಮಾಡಿದ್ದು ಸಾಮಾನು ಸಾಗಿಸುವ ಕಂಪನಿಯಲ್ಲಿ. ಡ್ರೈವರ್ ಇಲ್ಲದೆ ಲಾರಿ ಹೊರಡುವುದಿಲ್ಲ ಎಂಬುದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಸ್ಕ್ಯಾನರಿನ ಕಂಪನಿಯವರು ಹಳೇ ಕಂಪ್ಯೂಟರುಗಳಿಗೆ ಡ್ರೈವರ್ ಮಾಡಿ ಕೈತೊಳೆದುಕೊಂಡಿದ್ದಾರೆ. ಹೊಸದಕ್ಕೆ ಮಾಡಿಲ್ಲ, ಮಾಡುವುದೂ ಇಲ್ಲ.

ಮಗಳು ಫೋನಿನಲ್ಲಿ, "ಅಮ್ಮ, ಅದನ್ನ ಎಸೆದುಬಿಡು. ಹೊಸ ಸ್ಕ್ಯಾನರ್ ಕಳಿಸ್ತೀನಿ" ಅಂದಳು.

"ಕಳ್ಸು. ಎಸೆಯೋದು ಆಮೇಲೆ ನೋಡೋಣ" ಅಂದಳು ಇವಳು.

ಇವಳ ಬಾಯಲ್ಲಿ 'ಆಮೇಲೆ ನೋಡೋಣ' ಎಂದರೆ ಏನೆಂದು ಮಗಳಿಗೂ ಗೊತ್ತು, ನನಗೂ ಗೊತ್ತು.

ಏಪ್ರಿಲ್ 9, ಬುಧವಾರ

ಹೊಸ ಸ್ಕ್ಯಾನರು ಬಂತು. ಕಂಪ್ಯೂಟರಿಗೆ ಮುಟ್ಟಿಸಿದ ತಕ್ಷಣ ಗೆಳೆತನವಾಯಿತು. ಬಟ್ಟೆಯ ಮುಖದ ಚಿತ್ರ ಚೆನ್ನಾಗಿಯೇ ಬಂತು. ಬೆನ್ನು ಇಟ್ಟರೆ ಮಂಜು ಮುಸುಕಿದ ಹಾಗೆ. ಬೆನ್ನಿನಲ್ಲಿ ಎಳೆಗಳ ತುದಿ ಸಣ್ಣ ಸಣ್ಣ ಕುಣಿಕೆಯಾಗಿ ಎದ್ದು ನಿಂತಿರುತ್ತದೆ. ಅಂಗಡಿಯವನನ್ನು ಕೇಳಿದ್ದಕ್ಕೆ, "ಇದು ತೆಳ್ಳಗಿರೋದು ಅಮ್ಮಾ, ಗಾಜಿಗೆ ಅಂಟಿದ್ದಷ್ಟೇ ಇದಕ್ಕೆ ಕಾಣೋದು. ಹಳೇದು ದಪ್ಪ, ಒಳಗೆ ಕನ್ನಡಿ, ಮಸೂರ ಎಲ್ಲ ಇದೆ. ಸ್ವಲ್ಪ ಮೇಲೆದ್ದಿದ್ದೂ ಕಾಣುತ್ತೆ" ಎಂದ. ಪಾಪ, ಒಳ್ಳೆಯವನು. ವ್ಯಾಪಾರ ಕೆಡುತ್ತದೆಂದು ಸುಳ್ಳು ಹೇಳಲಿಲ್ಲ.

ಮೊಬೈಲಿನಲ್ಲೂ ತೆಗೆದು ನೋಡಿದಳು. ಒಂದು ಕಡೆ ನೆರಳು, ಒಂದು ಕಡೆ ಸೊಟ್ಟ. "ಇದನ್ನ ನೋಡಿ ಕಲಿತರೆ ಸೊಟ್ಟ ರಫೂನೇ ಕಲೀತಾರೆ" ಅಂದು ಅಳಿಸಿಹಾಕಿದಳು.

ಹಳೇ ಸ್ಕ್ಯಾನರು ಈಗ ಹಜಾರದ ಕಿಟಕಿಯ ಹತ್ತಿರ, ಅವಳ ಮೇಜಿನ ಮೇಲಿದೆ. ಮೊದಲು ಒಳಕೋಣೆಯಲ್ಲಿತ್ತು. ನನಗೆ ಹಾಸಿಗೆ ಹಾಕಲು ಜಾಗ ಮಾಡಬೇಕಾಗಿ, ಪಕ್ಕದ ಮನೆಯವರು ಬಂದು ಮೇಜು, ಸ್ಕ್ಯಾನರು ಎಲ್ಲ ಸಾಗಿಸಿದರಂತೆ. ಹೇಗೆ ಹಿಡಿದರೋ, ಯಾವ ಗೋಡೆಗೆ ತಾಗಿಸಿದರೋ. ನಾನು ಮುಂದೆ ನಿಂತು ಸಾಗಿಸದ ಸಾಮಾನು ಇದೊಂದೇ.

"ಬೆಳಕು ಚೆನ್ನಾಗಿದೆ, ಮೇಜು ಅಲ್ಲಿಗೆ ಹಾಕೋಣ ಅಂತ ನೀವೇ ಅಂದಿದ್ರಿ" ಎಂದಳು. ನಾನು ಬಿದ್ದ ದಿನದ ಹಿಂದಿನ ದಿನ ಅಂದಿದ್ದಂತೆ. ಆ ದಿನ ನನ್ನ ತಲೆಯಲ್ಲಿ ಇಲ್ಲವೇ ಇಲ್ಲ. ಯಾರೋ ಒರೆಸಿ ಇಟ್ಟ ಹಲಗೆಯ ಹಾಗಿದೆ.

ಏಪ್ರಿಲ್ 20, ಭಾನುವಾರ

ಇವಳ ಕೆಲಸದ ರೀತಿಯನ್ನು ಇಷ್ಟು ವರ್ಷ ನಾನು ಕೂತು ನೋಡಿದ್ದೇ ಇಲ್ಲ. ನಾನು ಊರೂರು ತಿರುಗುತ್ತಿದ್ದೆ, ಬರುವಷ್ಟರಲ್ಲಿ ಕೋಟು ಮಡಿಸಿ ಇಟ್ಟಿರುತ್ತಿತ್ತು. ಈಗ ಕುರ್ಚಿ ಬಿಟ್ಟು ಎಲ್ಲಿಗೂ ಹೋಗದವನಿಗೆ ಇದೇ ನಾಟಕ, ಇದೇ ಸಿನಿಮಾ.

ಹರಿದ ಬಟ್ಟೆ ಬಂದರೆ ಅವಳು ತೂತಿನ ಕಡೆ ನೋಡುವುದೇ ಇಲ್ಲ. ಸುತ್ತ ಬೆರಳಾಡಿಸಿ, ಎಲ್ಲಿಯವರೆಗೆ ಬಟ್ಟೆ ಗಟ್ಟಿಯಿದೆ ಎಂದು ನೋಡುತ್ತಾಳೆ. ಸೂಜಿ ಹಾಕುವುದು ಅಲ್ಲಿಂದ. ಕಂಪ್ಯೂಟರಿನ ಮುಂದೆಯೂ ಅದೇ ವರಸೆ. "ಕರೆಂಟ್ ಬರ್ತಿದೆ. ವೈರ್ ಸರಿ ಇದೆ. ಏನೋ ಒಂದು ಬಂದು ಸೇರಿಕೊಂಡಿದೆ ಅಂತ ಕಂಪ್ಯೂಟರಿಗೂ ಗೊತ್ತಾಗ್ತಿದೆ. ಅಲ್ಲಿವರೆಗೂ ಗಟ್ಟಿ. ಮುಂದಿನ ಎಳೆ ಮಾತ್ರ ಇಲ್ಲ" ಅಂದಳು. ನಾನಾಗಿದ್ದರೆ ಅಷ್ಟು ಹೊತ್ತಿಗೆ ಎರಡಕ್ಕೂ ಒಂದೊಂದು ಏಟು ಬಿಟ್ಟಿರುತ್ತಿದ್ದೆ.

ಆ ಎಳೆ ಹುಡುಕುತ್ತ ಅಂತರ್ಜಾಲದಲ್ಲಿ ಎಲ್ಲೋ ಒಂದು ಕಡೆ ಹೋಗಿ ತಲುಪಿದ್ದಾಳೆ. ಕಂಪನಿಗಳು ಕೈಬಿಟ್ಟ ಹಳೇ ಯಂತ್ರಗಳನ್ನು ಸಾಯಲು ಬಿಡದ ಜನ ಅಲ್ಲಿ ಸೇರುತ್ತಾರಂತೆ. ಅವರಲ್ಲೇ ಕೆಲವರು ಹಳೇ ಸ್ಕ್ಯಾನರುಗಳಿಗೆಲ್ಲ ಮಾತು ಕಲಿಸುವ ಒಂದು ಪ್ರೋಗ್ರಾಮು ಬರೆದು ಪುಕ್ಕಟೆ ಹಂಚುತ್ತಿದ್ದಾರೆ. ಯಾವ ದೇಶದವರೋ, ಹೆಸರೇನೋ. ಇವಳ ಪ್ರಶ್ನೆಗೆ ಉತ್ತರ ಬರೆಯುವವರು ತಮ್ಮನ್ನು 'ಬೂದು ಬೆಕ್ಕು' ಎಂದು ಕರೆದುಕೊಂಡಿದ್ದಾರೆ. ಗಂಡಸೋ ಹೆಂಗಸೋ ತಿಳಿಯದು. ಅವರ ಭಾಷೆ ಇವಳಿಗೆ ಬಾರದು, ಇವಳದು ಅವರಿಗೆ ಬಾರದು. ಕಂಪ್ಯೂಟರೇ ಅನುವಾದ ಮಾಡಿ ದಾಟಿಸುತ್ತದೆ. ಎಂದೂ ನೋಡದ ಹೆಂಗಸಿನ ಸ್ಕ್ಯಾನರಿಗಾಗಿ ಬೂದು ಬೆಕ್ಕು ಎಷ್ಟು ತಾಳ್ಮೆಯಿಂದ ಬರೆಯುತ್ತದೆ ಎಂದರೆ, ಇವಳು ಓದಿ ಹೇಳುವಾಗ ನಾನು ಕಿಟಕಿಯ ಕಡೆಗೆ ಮುಖ ತಿರುಗಿಸಿ ಕೂರುತ್ತೇನೆ. ಕಾಯಿಲೆಯ ಮೇಲೆ ನಾನು ಅಳುಬುರುಕನಾಗಿದ್ದೇನೆ.

ಬೆಕ್ಕಿನ ಉತ್ತರಕ್ಕೆ ಕಾಯುವಾಗ ಇವಳ ಕೈ ಸುಮ್ಮನಿರುವುದಿಲ್ಲ. ನನ್ನ ಎರಡೂ ಕೈಗೆ ನೂಲಿನ ಲಡಿ ಹಾಕಿ ಕೂರಿಸಿ, ಉಂಡೆ ಸುತ್ತುತ್ತಾಳೆ. "ಬಲಗಡೆ ಸಡಿಲ ಆಯ್ತು, ಎಳೆದು ಹಿಡೀರಿ" ಎಂದು ಗದರುತ್ತಾಳೆ. ನನ್ನನ್ನು ಕಂಬ ಮಾಡಿಟ್ಟಿದ್ದಾಳೆ. ಸಾಹೇಬರ ಪದವಿಗೆ ಬೆಲೆಯೇ ಇಲ್ಲದಂತಾಗಿದೆ.

ಏಪ್ರಿಲ್ 28, ಸೋಮವಾರ

ಫಿಸಿಯೋ ಅಮ್ಮ ಬಂದಿದ್ದಳು. ಇನ್ನು ಮೇಲೆ ತಿಂಗಳಿಗೊಮ್ಮೆ ಬಂದರೆ ಸಾಕಂತೆ. ನನ್ನ ಮೇಲೆ ಆಸೆ ಬಿಟ್ಟಿರಬೇಕು. ಇರಲಿ, ಅದಕ್ಕಿಂತ ದೊಡ್ಡ ಸುದ್ದಿಯಿದೆ.

ಬೂದು ಬೆಕ್ಕು ಹೇಳಿದಂತೆ ಇವಳು ಪ್ರೋಗ್ರಾಮು ಹಾಕಿದಳು. ಮೊದಲ ಸಲ ಆಗಲಿಲ್ಲ. ಎರಡನೆಯದಕ್ಕೂ ಇಲ್ಲ. ಎಲ್ಲ ಕಿತ್ತುಹಾಕಿ ಮತ್ತೆ ಹಾಕಿದಳು. ಬಿಚ್ಚಿ ಮತ್ತೆ ಹೊಲಿಯುವುದಕ್ಕೆ ಬೇಸರಪಡದವಳು. ಕೊನೆಗೆ ಪರದೆಯ ಮೇಲೆ ಹಳೇ ಸ್ಕ್ಯಾನರಿನ ಹೆಸರು ಮೂಡಿತು. ಹೆಸರು ಹಿಡಿದು ಕರೆಯಿತು ಕಂಪ್ಯೂಟರು, ನೆಂಟರನ್ನು ಕರೆದ ಹಾಗೆ. ಇವಳು ನನ್ನ ಭುಜ ಹಿಡಿದುಕೊಂಡಳು. ಇಷ್ಟು ಖುಷಿಯಾಗಿ ಅವಳನ್ನು ನೋಡಿ ಬಹಳ ದಿನವಾಗಿತ್ತು.

ಮಾದರಿ ತುಂಡು ಇಟ್ಟು ಮುಚ್ಚಳ ಹಾಕಿ ಒತ್ತಿದಳು. ಒಳಗೆ ದೀಪ ಹತ್ತಿತು. ಆಮೇಲೆ ಗರ್ ಗರ್ ಎಂದು ಹಲ್ಲು ಕಡಿದಂಥ ಸದ್ದು. ದೀಪ ಇದ್ದಲ್ಲೇ ನಡುಗಿ ನಿಂತುಬಿಟ್ಟಿತು. ಮತ್ತೆ ಒತ್ತಿದಳು. ಮತ್ತೆ ಅದೇ.

"ಈ ಸದ್ದು ಹೇಗಿದೆ ಅಂತ ಬೆಕ್ಕಿಗೆ ಬರೀತೀನಿ" ಎಂದು ಕೂತಳು. ಗರ್ ಗರ್ ಅನ್ನುವುದನ್ನು ಕಂಪ್ಯೂಟರು ಹೇಗೆ ಅನುವಾದ ಮಾಡಿತೋ ದೇವರೇ ಬಲ್ಲ.

ಮೇ 6, ಮಂಗಳವಾರ

ಬೆಕ್ಕಿನಿಂದ ಉತ್ತರವಿಲ್ಲ. ಇಷ್ಟು ದಿನ ಸುಮ್ಮನಿದ್ದದ್ದು ಇದೇ ಮೊದಲು. ಕಾಯುವಷ್ಟು ಕಾದು, ಇವತ್ತು ಅಂಗಡಿಯವನನ್ನು ಕರೆಸಿದೆವು. ಅವನು ಕಿವಿಗೊಟ್ಟು ಸದ್ದು ಕೇಳಿದ. "ಮೋಟಾರು ಹೋಗಿದೆ ಅಮ್ಮಾ. ಇದರ ಮೋಟಾರು ಎಲ್ಲೂ ಸಿಗಲ್ಲ. ಮೇಜು ಸಾಗಿಸಿದ್ರಲ್ಲ, ಆಗ ಪೆಟ್ಟು ಬಿದ್ದಿರುತ್ತೆ" ಎಂದ. ಬಿಡಿಭಾಗಕ್ಕೆ ಬೇಕಾದರೆ ತಾನೇ ಒಯ್ಯುವುದಾಗಿಯೂ ಹೇಳಿದ.

ಅವನು ಹೋದ ಮೇಲೆ ಇವಳು ಮಾದರಿ ತುಂಡುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು. ನಾಳೆ ಪ್ರಿನ್ಸಿಪಾಲರಿಗೆ ಫೋನ್ ಮಾಡಿ, ಆಗುವುದಿಲ್ಲ ಎಂದು ಹೇಳಿಬಿಡುತ್ತೇನೆ ಎಂದಳು.

"ಹೊಸದರಲ್ಲೇ ತೆಗೆದು ಕೊಡು. ಯಾರಿಗೆ ಗೊತ್ತಾಗುತ್ತೆ?" ಎಂದೆ.

"ನನಗೆ ಗೊತ್ತಾಗುತ್ತಲ್ರೀ."

ಅಷ್ಟು ಹೇಳಿ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟಳು. ಪಾತ್ರೆಗಳೆಲ್ಲ ಬೆಳಿಗ್ಗೆಯೇ ತೊಳೆದಾಗಿತ್ತು. ನಾನು ನೆಟ್ಟಗಿದ್ದಿದ್ದರೆ ಆ ಯಂತ್ರ ನನ್ನ ಕೈಯಲ್ಲಿ ಹೂವಿನಂತೆ ಸಾಗಿ ಬರುತ್ತಿತ್ತು. ನನ್ನ ಹೆಂಡತಿಯ ಕೆಲಸದಷ್ಟು ಚಂದದ ಕೆಲಸವನ್ನು ನಾನು ಕಂಡಿಲ್ಲ. ಅದು ಯಾರಿಗೂ ಕಾಣದೆ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕೂತಿದೆ.

ಮೇ 7, ಬುಧವಾರ

ಇವತ್ತು ನಡೆದದ್ದನ್ನು ಬಿಡದೆ ಬರೆಯಬೇಕು.

ಬೆಳಿಗ್ಗೆ ಇವಳು ರಟ್ಟಿನ ಪೆಟ್ಟಿಗೆ, ದಾರ, ಹಳೇ ಬಟ್ಟೆಗಳನ್ನು ತಂದು ನನ್ನ ಮುಂದಿಟ್ಟಳು. "ಸ್ಕ್ಯಾನರ್ ನೀವೇ ಕಟ್ಟಿಕೊಡ್ರಿ. ಅಂಗಡಿಯವನು ಸಾಯಂಕಾಲ ಬರ್ತಾನೆ. ಗಾಜು ಒಡೀಬಾರ್ದು." ಹೋಗುವ ಯಂತ್ರದ ಗಾಜು ಒಡೆದರೇನು ಎಂದು ಕೇಳಬಹುದಿತ್ತು. ಕೇಳಲಿಲ್ಲ. ಕಸಕ್ಕೆ ಹಾಕುವ ಚಿಂದಿಯನ್ನೂ ಮಡಿಸಿ ಹಾಕುವವಳು ಅವಳು.

ಪ್ಯಾಕ್ ಮಾಡುವ ಕೆಲಸಕ್ಕೆ ಸೇರಿದ ದಿನ ನಮ್ಮ ಮೇಸ್ತ್ರಿ ಹೇಳಿಕೊಟ್ಟದ್ದು ಒಂದೇ. ಒಳಗೆ ಓಡಾಡುವುದನ್ನು ಮೊದಲು ಕಟ್ಟು, ಹೊರಗಿನದು ಆಮೇಲೆ. ಗಡಿಯಾರವಾದರೆ ಲೋಲಕ, ಬೀರುವಾದರೆ ಡ್ರಾಯರು. ಕತ್ತರಿಗೂ ರಬ್ಬರ್ ಬ್ಯಾಂಡ್ ಹಾಕದೆ ನಾನು ಪೆಟ್ಟಿಗೆಗಿಟ್ಟವನಲ್ಲ. ಸ್ಕ್ಯಾನರಿನೊಳಗೆ ಓಡಾಡುವುದು ದೀಪದ ಗಾಡಿ. ಅದನ್ನು ಅಲ್ಲಾಡದಂತೆ ನಿಲ್ಲಿಸಲು ಯಂತ್ರದ ಅಡಿಯಲ್ಲಿ ಒಂದು ಬೀಗವಿದೆ. ಕಾಸಿನಗಲದ ಒಂದು ತಿರುಪು, ಅಷ್ಟೇ. ಇದನ್ನು ಕೊಂಡು ತಂದ ದಿನ ಆ ಬೀಗ ತೆಗೆದವನು ನಾನೇ. ಇವಳಿಗೆ ಅದೊಂದು ಇದೆಯೆಂದೂ ಗೊತ್ತಿಲ್ಲ.

ಬೀಗ ಹಾಕೋಣವೆಂದು ಎಡಗೈಯಲ್ಲಿ ಯಂತ್ರದ ಒಂದು ಬದಿಯನ್ನು ಎತ್ತಿ ಹಿಡಿದೆ. ಇನ್ನೊಂದು ಕೈಯನ್ನು ಅಡಿಗೆ ತೂರಿಸಿ ತಡಕಿದೆ. ತಿರುಪು ಸಿಕ್ಕಿತು. ತಿರುಗಿಸಿದೆ, ತಿರುಗಲಿಲ್ಲ. ಒತ್ತಿ ತಿರುಗಿಸಿದೆ. ಆಗಲೂ ಇಲ್ಲ. ಇನ್ನು ಆ ಕಡೆಗೆ ತಿರುಗಲು ಜಾಗವೇ ಇರಲಿಲ್ಲ. ಬೀಗ ಆಗಲೇ ಹಾಕಿತ್ತು.

"ಲೇ, ಬಾ ಇಲ್ಲಿ."

"ಯಾಕ್ರೀ, ಬೀಳಿಸಿದ್ರಾ?"

"ಇದಕ್ಕೆ ಬೀಗ ಹಾಕಿದೆ ಕಣೇ. ಅದಕ್ಕೇ ಗಾಡಿ ಓಡ್ತಿಲ್ಲ. ಯಾರು ಹಾಕಿದ್ದು?"

ಇವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತಳು. "ನೀವು ಬೀಳೋ ಹಿಂದಿನ ದಿನ ಈ ಮೇಜಿನ ಮೇಲೆ ಬಗ್ಗಿ ಏನೋ ಮಾಡ್ತಿದ್ರಿ. ಏನ್ರೀ ಅದು ಅಂದ್ರೆ, ನಾಳೆ ಸಾಗಿಸೋಕೆ ರೆಡಿ ಮಾಡ್ತಿದ್ದೀನಿ ಅಂದ್ರಿ. ಡ್ರಾಯರಿಗೆಲ್ಲ ದಾರ ಕಟ್ಟಿದ್ರಿ. ಅದನ್ನ ಆಮೇಲೆ ನಾನೇ ಬಿಚ್ಚಿದ್ದು."

ನಾನೇ. ಇನ್ಯಾರು ಹಾಕುತ್ತಾರೆ? ಒಳಕೋಣೆಯಿಂದ ಹಜಾರಕ್ಕೆ ಹೋಗುವ ಸಾಮಾನಿಗೆ ಬೀಗ ಹಾಕುವ ಮೂರ್ಖ ಜಗತ್ತಿನಲ್ಲಿ ಇನ್ನೊಬ್ಬನಿರಲಾರ. ಡ್ರಾಯರಿನ ದಾರ ಇವಳಿಗೆ ಕಂಡಿತು, ಅಡಿಯ ಬೀಗ ಕಾಣಲಿಲ್ಲ. ಪಕ್ಕದ ಮನೆಯವರು ಹೇಗೆ ಎತ್ತಿ ಹಾಕಿದ್ದರೂ ಅದಕ್ಕೆ ಏನೂ ಆಗಿರಲಿಲ್ಲ. ಆಗದಂತೆ ನಾನು ನೋಡಿಕೊಂಡಿದ್ದೆ. ಬೈದುಕೊಳ್ಳಲೋ ಬೀಗಲೋ ತಿಳಿಯದೆ ಸುಮ್ಮನೆ ತಿರುಪನ್ನು ಇನ್ನೊಂದು ಕಡೆಗೆ ತಿರುಗಿಸಿದೆ. ಮೊದಲು ಬಿಗಿಯಿತ್ತು. ಎರಡು ಬೆರಳಿಂದ ಹಿಡಿದು ಮೆಲ್ಲಗೆ ಹಿಂಡಿದಾಗ ಟಿಕ್ ಎಂದು ಸಡಿಲವಾಯಿತು.

ಇವಳು ಯಂತ್ರವನ್ನು ನೋಡುತ್ತಿರಲಿಲ್ಲ, ನನ್ನ ಕೈಯನ್ನು ನೋಡುತ್ತ ನಿಂತಿದ್ದಳು. ಗಾಯವಾಯಿತೇನೋ ಎಂದು ನಾನೂ ನೋಡಿಕೊಂಡೆ. ಧೂಳು ಹತ್ತಿತ್ತು, ಅಷ್ಟೇ.

"ಏನೇ?"

"ಏನಿಲ್ಲ. ವೈರ್ ಹಾಕ್ರಿ" ಎಂದು ಕನ್ನಡಕ ತೆಗೆದು ಒರೆಸಿಕೊಂಡಳು. ಒರೆಸುತ್ತಲೇ ಇದ್ದಳು.

ವೈರು ಹಾಕಿದೆ. ಅವಳು ಒತ್ತಿದಳು. ದೀಪ ಹತ್ತಿ, ಗಾಡಿ ಮೆಲ್ಲಗೆ ಗುನುಗುತ್ತ ಈ ತುದಿಯಿಂದ ಆ ತುದಿಗೆ ಹೋಯಿತು. ಪರದೆಯ ಮೇಲೆ ಬಟ್ಟೆಯ ಬೆನ್ನು ತೆರೆದುಕೊಂಡಿತು. ಒಂದೊಂದು ಎಳೆ, ಒಂದೊಂದು ಕುಣಿಕೆ ಎಣಿಸುವಷ್ಟು ಸ್ಪಷ್ಟ. ಒಳಗೆ ಹೋದ ದಾರ ಎಲ್ಲಿ ಹೊರಗೆ ಬಂತು, ಯಾವುದರ ಕೆಳಗೆ ನುಸುಳಿತು, ಎಲ್ಲಿ ತಿರುಗಿತು ಎಂಬುದೆಲ್ಲ ಕಂಡಿತು. ನೋಡಿದವರು ಕಲಿಯಬಹುದು. ಮದುವೆಯಾದಂದಿನಿಂದ ಜೊತೆಗಿದ್ದರೂ ಇವಳು ಏನು ಮಾಡುತ್ತಾಳೆಂಬುದು ನನಗೆ ಅರ್ಥವಾದದ್ದು ಇವತ್ತು. ಅದನ್ನು ಅವಳಿಗೆ ಹೇಳಿದೆ ಕೂಡ.

"ಸದ್ಯ, ಈಗಲಾದ್ರೂ ಆಯ್ತಲ್ಲ" ಎಂದಳು.

ಅಂಗಡಿಯವನು ಸಾಯಂಕಾಲ ಬಂದು ಕಾಫಿ ಕುಡಿದು, ಖಾಲಿ ಪೆಟ್ಟಿಗೆ ನೋಡಿ, ನಕ್ಕು ಹೋದ.

ಪೆನ್ನಿನ ಸ್ಪಂಜು ಎಲ್ಲಿ ಬಿದ್ದಿದೆಯೋ, ಕೆಲವು ದಿನದಿಂದ ಕಾಣುತ್ತಿಲ್ಲ. ಹುಡುಕಬೇಕು.

ಮೇ 8, ಗುರುವಾರ

ಬೂದು ಬೆಕ್ಕಿನ ಉತ್ತರ ಬಂದಿದೆ. ಜ್ವರ ಬಂದು ಮಲಗಿದ್ದರಂತೆ, ತಡವಾದದ್ದಕ್ಕೆ ಕ್ಷಮೆ ಕೇಳಿದ್ದಾರೆ. ಆಮೇಲೆ ಒಂದೇ ಸಾಲು: "ಅಡಿಯ ಬೀಗ ತೆಗೆದಿದ್ದೀರಿ ತಾನೇ?"

ನಾವಿಬ್ಬರೂ ಕೆಮ್ಮು ಬರುವಷ್ಟು ನಕ್ಕೆವು. ಹುಷಾರಾಗಿ, ಬಿಸಿನೀರು ಕುಡಿಯಿರಿ ಎಂದು ಇವಳು ಬರೆದಳು.

ಮೇ 12, ಸೋಮವಾರ

ಚಿತ್ರಗಳೆಲ್ಲ ಮುಗಿದವು. ಕೊನೆಯದೊಂದಕ್ಕೆ ಇವಳಿಗೆ ನನ್ನ ಸಹಾಯ ಬೇಕಾಯಿತು. ಎಳೆದರೂ ರಫು ಬಾಯಿ ಬಿಡುವುದಿಲ್ಲ ಎಂದು ತೋರಿಸಬೇಕು. ಅದಕ್ಕೆ ಯಾರಾದರೂ ಗಾಜಿನ ಮೇಲೆ ಬಟ್ಟೆಯನ್ನು ಎರಡೂ ಕಡೆಯಿಂದ ಬಿಗಿಯಾಗಿ ಎಳೆದು ಹಿಡಿದಿರಬೇಕು. ಅವಳ ಒಂದು ಕೈ ಮುಚ್ಚಳದ ಮೇಲೆ, ಇನ್ನೊಂದು ಮೌಸಿನ ಮೇಲೆ.

"ಹಿಡೀರಿ. ಇನ್ನೂ ಬಿಗಿ. ಗಾಡಿ ಆ ತುದಿ ಮುಟ್ಟೋವರೆಗೂ ಬಿಡಬೇಡಿ."

ಹಿಡಿದೆ. ದೀಪ ಬೆರಳುಗಳ ಕೆಳಗೆ ಬೆಚ್ಚಗೆ ಹರಿದು ಹೋಯಿತು. ಪರದೆಯ ಮೇಲೆ ನಡುವೆ ಬಟ್ಟೆ, ಅತ್ತ ಇತ್ತ ನನ್ನ ಕೈಗಳು ಮೂಡಿದವು. ಎರಡರಲ್ಲೂ ಬೆರಳ ತುದಿ ಒತ್ತಿ ಬೆಳ್ಳಗಾಗಿದೆ, ಗಂಟುಗಳು ಎದ್ದಿವೆ, ಬಟ್ಟೆ ಡೋಲಿನ ಚರ್ಮದಂತೆ ಬಿಗಿದಿದೆ. ರಫು ಎಲ್ಲಿದೆಯೆಂದು ಹುಡುಕಿದೆ. ಅವಳು ಬೆರಳಿಟ್ಟು ತೋರಿಸಿದ ಮೇಲೂ ನನಗೆ ಕಾಣಲಿಲ್ಲ.

ಆಮೇಲೆ ಅವಳು ಚಿತ್ರವನ್ನು ದೊಡ್ಡದು ಮಾಡುತ್ತ, "ಇದರಲ್ಲಿ ನಿಮ್ಮ ಸಾಹೇಬ್ರು ಯಾರು, ಹೇಳಿ ನೋಡೋಣ" ಎಂದಳು.

ಅಂಗೈ ಕಡೆಯಿಂದ ತೆಗೆದ ಚಿತ್ರ, ಎಡ ಬಲ ಅದಲು ಬದಲಾಗಿ ಕಂಡಿತು. ಸ್ವಲ್ಪ ಹೊತ್ತು ನೋಡಿದೆ, ತಿಳಿಯಲಿಲ್ಲ. ಎರಡೂ ಕೈಗಳನ್ನು ಮುಖದ ಮುಂದೆ ಎತ್ತಿ, ಪರದೆಗೆ ಹೋಲಿಸಿ, ಹೆಬ್ಬೆರಳಿನ ಹತ್ತಿರದ ಒಂದು ಮಚ್ಚೆಯಿಂದ ಗುರುತು ಹಿಡಿದೆ.

"ಇದು ಅಂತ ಕಾಣುತ್ತೆ" ಎಂದೆ.

ಎತ್ತಿದ್ದ ನನ್ನ ಬಲಗೈಯನ್ನು ಅವಳು ಹಿಡಿದುಕೊಂಡಳು. ನಾನೂ ಬಿಗಿಯಾಗಿ ಹಿಡಿದೆ. "ನೋಯುತ್ತೆ ರೀ, ಮೆಲ್ಲಗೆ" ಎಂದಳು, ಬಿಡಿಸಿಕೊಳ್ಳಲಿಲ್ಲ.